ಲಕ್ಕಯ್ಯ ರೈಟರು ಬರೆದದ್ದು

ಏಳೂಮುಕ್ಕಾಲರೊಳಗೆ ಮಾರ್ತೆಯನ್ನು ಮನೆಯಿಂದ ಹೊರಡಿಸಿಬಿಡಬೇಕು ಎಂದು ನಯನಾ ಹಿಂದಿನ ದಿನವೇ ನಿಶ್ಚಯಿಸಿದ್ದಳು. ಆದರೆ ಮಾರ್ತೆಗೆ ಯಾವುದಕ್ಕೂ ಆತುರವಿಲ್ಲ. ಹಂಡೆಯ ಬಿಸಿನೀರನ್ನು ಬೊಗಸೆಯಲ್ಲಿ ಹಿಡಿದು ಮೂಸಿ, ಹೊಗೆಯ ವಾಸನೆ ಇದೆಯೆಂದು ಖುಷಿಪಟ್ಟಳು. ಅವ್ವ ತಟ್ಟುತ್ತಿದ್ದ ಅಕ್ಕಿರೊಟ್ಟಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಕೈ ಒದ್ದೆ ಮಾಡಿಕೊಂಡು ತಾನೂ ಒಂದು ತಟ್ಟಿ ಹರಿದು ಹಾಕಿದಳು. ‘ಬುಡವ್ವ, ನಿಂಗಾಗಲ್ಲ ಅದು’ ಎಂದು ಅವ್ವ ನಕ್ಕರೆ ಅರ್ಥವಾದವಳಂತೆ ತಾನೂ ನಕ್ಕಳು. ಎಸ್ಟೇಟಿನ ಸ್ಟೋರಿನ ಮುಂದಿನ ಕಣದಲ್ಲಿ ಆಳುಗಳು ಬಂದು ಸೇರುತ್ತಿರುವ ಸದ್ದು ಆಗಲೇ ಕೇಳಿಸುತ್ತಿತ್ತು. ಇನ್ನು ಐದು ನಿಮಿಷಕ್ಕೆ ಅಪ್ಪ ಪುಸ್ತಕ ಬಿಚ್ಚಿ ಒಬ್ಬೊಬ್ಬರದೇ ಹೆಸರು ಕೂಗಲು ಶುರುಮಾಡುತ್ತಾನೆ. ಆ ದನಿ ಮನೆಯವರೆಗೂ ಬರುತ್ತದೆ. ನಿನ್ನಪ್ಪ ಯಾಕೆ ಕೂಗುತ್ತಿದ್ದಾರೆ ಎಂದು ಮಾರ್ತೆ ಕೇಳಿಯೇ ಕೇಳುತ್ತಾಳೆ. ಕೇಳಿದರೆ ಏನು ಹೇಳುವುದೆಂದು ನಯನಾ ಇನ್ನೂ ಯೋಚಿಸಿರಲಿಲ್ಲ. ಯೋಚಿಸದೆ ಇರುವುದಕ್ಕಾಗಿಯೇ ಅವಳು ‘ಮೇಲೆ ಹೋಗೋಣ, ಬಿಸಿಲಾದರೆ ಹೂವಿನ ವಾಸನೆ ಹೋಗಿಬಿಡುತ್ತೆ’ ಎಂದು ಇಂಗ್ಲಿಷಿನಲ್ಲಿ ಸುಳ್ಳು ಹೇಳಿ, ಅರ್ಧ ತಿಂದ ರೊಟ್ಟಿಯನ್ನು ಕೈಯಲ್ಲೇ ಹಿಡಿಸಿ, ಹಿತ್ತಲ ದಾರಿಯಿಂದ ಅವಳನ್ನು ಕರೆದುಕೊಂಡು ಹೊರಟಳು.

ಎಲ್ಲ ಶುರುವಾದದ್ದು ಒಂದು ಶಬ್ದದಿಂದ. ಮಾರ್ತೆ ನಾರ್ವೆ ದೇಶದ ಬರ್ಗೆನ್ ಎಂಬ ಊರಿನವಳು. ಒಂದು ಸೆಮಿಸ್ಟರ್ ಓದಲೆಂದು ನಯನಾಳ ಮೈಸೂರಿನ ಕಾಲೇಜಿಗೆ ಬಂದವಳು. ಜನವರಿಯಲ್ಲಿ, ಪರಿಚಯವಾದ ಎರಡನೇ ದಿನ, ಹಾಸ್ಟೆಲಿನ ಮೆಸ್ಸಿನಲ್ಲಿ ಉಪ್ಪಿಟ್ಟು ತಿನ್ನುತ್ತ, ತನ್ನ ಅಪ್ಪ ಹಡಗಿನಲ್ಲಿ ಅಡುಗೆಯವನು, ಮನೆಗೆ ಬಂದರೂ ಮೈ ಮೀನು ನಾರುತ್ತಿರುತ್ತದೆ ಎಂದು ಒಂದಿಷ್ಟೂ ಸಂಕೋಚವಿಲ್ಲದೆ ಹೇಳಿ, ‘ನಿನ್ನಪ್ಪ?’ ಎಂದಿದ್ದಳು. ‘ಎಸ್ಟೇಟಿನಲ್ಲಿ ರೈಟರ್’ ಎಂದಿದ್ದಳು ನಯನಾ. ಅದರಲ್ಲಿ ಸುಳ್ಳೇನಿತ್ತು? ವನಗೂರಿನಿಂದ ಯಸಳೂರಿನವರೆಗೆ ಯಾರನ್ನು ಕೇಳಿದರೂ ರೈಟರ್ ಎಂದರೆ ಆಳುಗಳ ಹಾಜರಿ ಬರೆದುಕೊಂಡು, ಇವತ್ತು ಯಾರು ತೋಟದ ಯಾವ ಬ್ಲಾಕಿಗೆ ಹೋಗಬೇಕೆಂದು ಹೇಳಿ ಕಳಿಸುವವನು. ಹುಟ್ಟಿದಾಗಿನಿಂದ ಕೇಳಿದ ಆ ಶಬ್ದ ಇಂಗ್ಲಿಷಿನದು ಎಂಬುದೇ ಆ ಕ್ಷಣ ಅವಳಿಗೆ ಮರೆತುಹೋಗಿತ್ತು. ಮಾರ್ತೆಯ ಚಮಚ ಬಾಯಿಯ ಹತ್ತಿರವೇ ನಿಂತಿತು. ‘ಸಾಹಿತಿಯಾ? ಕಾಫಿ ತೋಟದಲ್ಲಿ ಕೂತು ಬರೆಯುತ್ತಾರಾ?’ ಎಂದಳು. ಅವಳ ಕಣ್ಣು ಅಗಲವಾದದ್ದನ್ನು ನಯನಾ ನೋಡಿದಳು. ಅದುವರೆಗೆ ಯಾರೂ ಅವಳ ಅಪ್ಪನ ವಿಷಯಕ್ಕೆ ಹಾಗೆ ಕಣ್ಣು ಅಗಲ ಮಾಡಿರಲಿಲ್ಲ. ಅಲ್ಲ, ನಮ್ಮ ಕಡೆ ರೈಟರ್ ಅಂದರೆ ಬೇರೆ ಎಂದು ತಿದ್ದಲು ಬೇಕಾಗಿದ್ದುದು ಅರ್ಧ ನಿಮಿಷ. ಅವಳು ನೀರು ಕುಡಿದಳು. ಆ ಅರ್ಧ ನಿಮಿಷ ಬೆಳೆದು ಎರಡೂವರೆ ತಿಂಗಳಾಗಿತ್ತು.

ಈಗ ಮಾರ್ತೆಯ ಊರಿನ ಕಾಲೇಜಿನವರು ಮಧ್ಯದ ರಜೆಯಲ್ಲಿ ಎಲ್ಲಾದರೂ ಹೋಗಿ, ಅಲ್ಲಿ ಕಂಡ ಒಬ್ಬ ಮನುಷ್ಯನ ಬಗ್ಗೆ ಒಂದು ಲೇಖನ ಬರೆದು ತರಬೇಕೆಂದು ಹೇಳಿದ್ದರು. ಅವಳ ಜೊತೆ ಬಂದಿದ್ದ ಉಳಿದ ಹುಡುಗಿಯರು ಗೋವಾಕ್ಕೂ ಹಂಪಿಗೂ ಹೋದರು. ಮಾರ್ತೆ ಮಾತ್ರ, ‘ನಾನು ನಿನ್ನಪ್ಪನ ಬಗ್ಗೆ ಬರೆಯುತ್ತೇನೆ’ ಎಂದು ಸಕಲೇಶಪುರದ ಬಸ್ಸು ಹತ್ತಿದಳು. ಫೋಟೊ ಬೇಕು, ಅರ್ಧ ಗಂಟೆಯ ಮಾತುಕತೆ ಬೇಕು. ಅದು ಅವಳ ಊರಿನ ಕಾಲೇಜಿನ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಇವತ್ತು ಸಂಜೆ ಮಾತುಕತೆ, ನಾಳೆ ಬೆಳಿಗ್ಗೆಯ ಬಸ್ಸಿಗೆ ಅವಳು ವಾಪಸು. ಇವತ್ತೊಂದು ದಿನ ಕಳೆದರೆ ಗೆದ್ದೆ ಎಂದು ಒಂದು ಮನಸ್ಸು ಹೇಳಿದರೆ, ಇವತ್ತು ಕಳೆದರೆ ನಿನ್ನಪ್ಪನನ್ನು ಯಾರೋ ಬೇರೆಯವನೆಂದು ಅಚ್ಚು ಹಾಕಿಸಿದ ಹಾಗಾಯಿತಲ್ಲೇ ಎಂದು ಇನ್ನೊಂದು ಮನಸ್ಸು ಹಂಗಿಸುತ್ತಿತ್ತು.

ವಿಚಿತ್ರವೆಂದರೆ ಸುಳ್ಳು ಹೇಳಬೇಕಾದ ಪ್ರಸಂಗವೇ ಬರುತ್ತಿರಲಿಲ್ಲ. ರೈಟರ್ ಕ್ವಾರ್ಟರ್ಸಿನ ಎರಡು ಕೋಣೆ, ತಗಡಿನ ಮಾಡು, ಒಂದು ಮಂಚ ನೋಡಿ ಮಾರ್ತೆ, ‘ಬರೆಯುವವರು ಎಲ್ಲ ಕಡೆ ಹೀಗೆಯೇ ಸರಳವಾಗಿ ಬದುಕುತ್ತಾರೆ’ ಎಂದಳು. ಅಪ್ಪ ಹೆಚ್ಚು ಮಾತಾಡದೆ ಕಿಟಕಿಯಾಚೆ ನೋಡುತ್ತ ಉಂಡರೆ, ಏನೋ ಯೋಚನೆಯಲ್ಲಿದ್ದಾರೆ ಎಂದು ಪಿಸುಗುಟ್ಟಿದಳು. ಅವನ ಅಂಗಿಯ ಜೇಬಿನ ಕೆಳಗಿನ ಇಂಕಿನ ಕಲೆಯನ್ನು ಅವಳು ಗೌರವದಿಂದ ನೋಡಿದ ರೀತಿಗೆ ನಯನಾಳಿಗೆ ನೆಲ ಬಿರಿಯಬಾರದೆ ಅನ್ನಿಸಿತು. ಅದೇ ಕಲೆಗಾಗಿ ಹೈಸ್ಕೂಲಿನಲ್ಲಿದ್ದಾಗ ಅವಳು ಅಪ್ಪನನ್ನು ಪೇರೆಂಟ್ಸ್ ಮೀಟಿಂಗಿಗೆ ಬರಬೇಡ ಎಂದಿದ್ದಳು. ಹುಷಾರಿಲ್ಲ ಅಂತ ಹೇಳ್ತೀನಿ ಬುಡು ಎಂದು ಅಪ್ಪನೇ ದಾರಿ ತೋರಿಸಿದ್ದ. ನಿನ್ನೆ ಸಂಜೆ ಮಾರ್ತೆ ಬಟ್ಟೆಯ ರಟ್ಟಿನ ಒಂದು ದಪ್ಪ ನೋಟ್‌ಬುಕ್ಕನ್ನು, ‘ನಿಮ್ಮ ಮುಂದಿನ ಪುಸ್ತಕಕ್ಕೆ’ ಎಂದು ಎರಡೂ ಕೈಯಲ್ಲಿ ಕೊಟ್ಟಾಗ ಅಪ್ಪ ಅದರ ಖಾಲಿ ಹಾಳೆಗಳನ್ನು ತಿರುವಿ, ‘ಇದ್ರಲ್ಲಿ ಗೆರೇನೇ ಹೊಡ್ದಿಲ್ವಲ್ಲವ್ವ, ಹೆಸ್ರು ಎಲ್ಲಿ ಬರ್ಯದು?’ ಎಂದಿದ್ದ. ಗೆರೆಯಿಲ್ಲದ ಖಾಲಿ ಹಾಳೆ ನೋಡಿ ಅಪ್ಪನಿಗೆ ದಿಗಿಲಾಗುತ್ತಂತೆ, ಎಂದು ನಯನಾ ತರ್ಜುಮೆ ಮಾಡಿದಳು. ‘ಎಲ್ಲ ದೊಡ್ಡ ಲೇಖಕರೂ ಹಾಗೇ ಹೇಳುತ್ತಾರೆ’ ಎಂದು ಮಾರ್ತೆ ಅದನ್ನು ಬರೆದುಕೊಂಡಳು.

ದಾರಿಯಲ್ಲಿ ಸ್ಪ್ರಿಂಕ್ಲರ್ ಹೊಡೆಸಿದ್ದ ರೊಬಸ್ಟಾ ಕಾಫಿಯ ಬ್ಲಾಕು ಪೂರ್ತಿ ಹೂವಾಗಿ ನಿಂತಿತ್ತು. ಮಾರ್ತೆ ಬಾಯಿಗೆ ಕೈ ಅಡ್ಡ ಹಿಡಿದು ನಿಂತುಬಿಟ್ಟಳು. ನಯನಾಳಿಗೆ ಮಾತ್ರ ಕೆಳಗಿನ ಕಣದಿಂದ ಅಪ್ಪನ ದನಿ ಹೂವಿನ ಮೇಲಿಂದ ಸಣ್ಣಗೆ ತೇಲಿ ಬರುವುದು ಕೇಳಿಸುತ್ತಿತ್ತು. ‘ಬಸವಯ್ಯಾ… ರಾಮಮ್ಮಾ… ಚೆಲುವಮ್ಮಾ…’ ಒಂದೊಂದು ಹೆಸರಿಗೂ ಒಂದು ‘ಬಂದಿವ್ನಿ.’ ಅವಳು ಜೋರಾಗಿ ಹೂವಿನ ವಿಷಯ ಮಾತಾಡತೊಡಗಿದಳು. ಎಷ್ಟು ದಿನ ಇರುತ್ತದೆ, ಜೇನು ಹೇಗೆ ಬರುತ್ತದೆ, ಅರೇಬಿಕಾ ಇನ್ನೂ ಮಳೆಗೆ ಕಾಯುತ್ತಿದೆ. ತನಗೆ ಇಷ್ಟೆಲ್ಲ ಗೊತ್ತಿತ್ತೇ ಎಂದು ತನಗೇ ಆಶ್ಚರ್ಯವಾಗುವಷ್ಟು ಮಾತಾಡಿದಳು. ಅಪ್ಪನ ದನಿ ನಿಂತಮೇಲೆ ಅವಳ ಮಾತೂ ನಿಂತಿತು.

ಮೇಲಿನ ಬ್ಲಾಕಿನಲ್ಲಿ ಸುತ್ತಾಡಿ, ಬೆಟ್ಟದ ನೆತ್ತಿಯಿಂದ ಎಡಕುಮೇರಿ ಕಡೆಯ ಕಾಡು ನೋಡಿ ಇಳಿಯುವ ಹೊತ್ತಿಗೆ ಮೆಣಸಿನ ಬಳ್ಳಿ ಹಬ್ಬಿಸಿದ ಸಿಲ್ವರ್ ಮರಗಳಿಗೆ ಏಣಿ ಹಾಕಿ ಗಂಡಾಳುಗಳು ಮೆಣಸು ಕುಯ್ಯುತ್ತಿದ್ದರು. ಕೆಳಗೆ ಉದುರಿದ್ದನ್ನು ಹೆಣ್ಣಾಳುಗಳು ಆಯುತ್ತಿದ್ದರು. ಚೆಲುವಮ್ಮ ಸೊಂಟ ಹಿಡಿದುಕೊಂಡು ಎದ್ದು ಬಂದಳು. ‘ಇವ್ಳೇ ಏನವ್ವ ನಿನ್ ಸ್ನೇಹಿತೆ? ಬೆಣ್ಣೆ ಬೆಣ್ಣೆಯಂಗವ್ಳೆ. ಬಿಸ್ಲಲ್ಲಿ ಯಾಕೆ ತಿರುಗಿಸ್ತೀಯಾ?’ ಎಂದು ಒಂದು ಹಣ್ಣಾದ ಮೆಣಸಿನ ಗೊನೆಯನ್ನು ಮಾರ್ತೆಯ ಕೈಗಿಟ್ಟಳು. ಕೊಟ್ಟ ಕೂಡಲೇ ಏನೋ ತಪ್ಪು ಮಾಡಿದವಳಂತೆ ಅತ್ತಿತ್ತ ನೋಡಿ, ‘ರೈಟ್ರಿಗೆ ಹೇಳ್ಬುಡವ್ವ, ಒಂದು ಗೊನೆ ಆ ಮಗೀಗೆ ಕೊಟ್ಟಿವ್ನಿ ಅಂತ’ ಎಂದಳು. ‘ಒಂದು ಗೊನೆಗೆ ಏನಾಯ್ತದೆ ಬುಡಿ ಚೆಲುವಮ್ಮ’ ಎಂದರೆ, ‘ಇಲ್ಲ ಇಲ್ಲ, ಹೇಳ್ಬುಡು’ ಎಂದು ಮತ್ತೆ ಮತ್ತೆ ಹೇಳಿದಳು.

ಈ ಚೆಲುವಮ್ಮನ ಗಂಡ ಬೋರಯ್ಯ ಹನ್ನೊಂದು ವರ್ಷದ ಹಿಂದೆ ಇಂಥದೇ ಒಂದು ಸಿಲ್ವರ್ ಮರದಿಂದ ಬಿದ್ದು ಸತ್ತಿದ್ದ. ಯುಗಾದಿಯ ಮಾರನೆಯ ದಿನ, ಹೊಸತೊಡಕು. ಮನೆಮನೆಯಲ್ಲೂ ಬಾಡಿನ ಅಡುಗೆ. ಆ ದಿನ ಯಾವ ಎಸ್ಟೇಟಿನಲ್ಲೂ ಒಂದು ಆಳು ಕೆಲಸಕ್ಕೆ ಬರುವುದಿಲ್ಲ. ತೋಟದಲ್ಲಿ ಯಾರೂ ಇಲ್ಲದ ದಿನ ನೋಡಿಕೊಂಡು ಮೆಣಸು ಕದಿಯಲು ಹತ್ತಿದ್ದ ಎಂದು ಆಳುಗಳ ಸಾಲುಮನೆಯ ಲೈನಿನವರೆಲ್ಲ ಮಾತಾಡಿಕೊಂಡರು. ಆಗ ಹತ್ತು ವರ್ಷದವಳಾಗಿದ್ದ ನಯನಾ ಒಂದು ದಿನ ಸ್ಕೂಲಿನ ಜೀಪಿನಲ್ಲಿ ಕಿಟಕಿಯ ಪಕ್ಕದ ಜಾಗಕ್ಕಾಗಿ ಜಗಳವಾದಾಗ ಚೆಲುವಮ್ಮನ ಮಗಳು ಆಶಾಳನ್ನು ‘ಮೆಣಸ್ ಕಳ್ಳನ ಮಗಳು’ ಎಂದಿದ್ದಳು. ಆಶಾ ಎದ್ದು ಕಿಟಕಿಯ ಜಾಗ ಬಿಟ್ಟುಕೊಟ್ಟಳು. ಆ ಜಾಗದಲ್ಲಿ ಕೂತು ನಯನಾ ವನಗೂರಿನವರೆಗೂ ಹೊರಗೆ ನೋಡುತ್ತ ಹೋದಳು. ಆಶಾ ಈಗ ಮದುವೆಯಾಗಿ ಆಲೂರಿನಲ್ಲಿದ್ದಾಳೆ. ಮದುವೆಗೆ ಕರೆದಾಗ ನಯನಾ ಪರೀಕ್ಷೆ ಇದೆಯೆಂದು ಹೋಗಲಿಲ್ಲ. ಚೆಲುವಮ್ಮ ಮಾತ್ರ ಅವತ್ತಿನಿಂದ ಒಂದು ಅಭ್ಯಾಸ ಇಟ್ಟುಕೊಂಡಿದ್ದಾಳೆ. ಮೆಣಸಿನ ಕಾಲದಲ್ಲಿ ಸಂಜೆ ಕೆಲಸ ಬಿಟ್ಟು ಹೋಗುವಾಗ ಯಾರೂ ಕೇಳದಿದ್ದರೂ ಸ್ಟೋರಿನ ಮುಂದೆ ನಿಂತು, ಸೆರಗು ಬಿಚ್ಚಿ, ಮಡಿಲು ಒದರಿ, ‘ನೋಡ್ಕಳಿ ರೈಟ್ರೆ’ ಎಂದು ತೋರಿಸಿ ಹೋಗುತ್ತಾಳೆ. ಅಪ್ಪ ಆಗೆಲ್ಲ ಪುಸ್ತಕದಿಂದ ತಲೆ ಎತ್ತುವುದಿಲ್ಲ. ಅಪ್ಪನಿಗೆ ಎಷ್ಟು ಗತ್ತು ಎಂದು ನಯನಾ ಅಂದುಕೊಳ್ಳುತ್ತಿದ್ದಳು.

ಮಧ್ಯಾಹ್ನ ಕಡುಬು, ಕೋಳಿಸಾರು. ಮಾರ್ತೆ ಖಾರಕ್ಕೆ ಮೂಗು ಕೆಂಪಾಗಿ, ಆದರೂ ಇನ್ನೊಂದು ಕಡುಬು ಹಾಕಿಸಿಕೊಂಡು ಅವ್ವನ ಮನಸ್ಸು ಗೆದ್ದುಬಿಟ್ಟಳು. ಸಂಜೆ ಐದಕ್ಕೆ ಅಪ್ಪ ಕೈಕಾಲು ತೊಳೆದು, ಮದುವೆ ಮನೆಗೆ ಹಾಕುವ ಬಿಳಿ ಅಂಗಿ ಹಾಕಿ, ಜಗಲಿಯ ಬೆಂಚಿನ ಮೇಲೆ ಕೈ ಕಟ್ಟಿ ಕೂತ. ಶಾಲೆಯ ಇನ್ಸ್‌ಪೆಕ್ಟರ್ ಮುಂದೆ ಕೂತ ಹುಡುಗನ ಹಾಗೆ ಕಂಡ. ತನ್ನನ್ನು ಯಾಕೆ ಮಾತಾಡಿಸುತ್ತಿದ್ದಾರೆಂದು ಅವನು ಕೇಳಿರಲಿಲ್ಲ. ಎಸ್ಟೇಟ್ ಕೆಲಸದ ಬಗ್ಗೆ ಬರಿತಾಳಂತೆ ಎಂದು ನಯನಾ ಹೇಳಿದ್ದಳು. ಓದುವ ಮಕ್ಕಳಿಗೆ ಇಂಥದೆಲ್ಲ ಬೇಕಾಗುತ್ತದೆ ಎಂದು ಅವನು ಒಪ್ಪಿದ್ದ. ಮಾರ್ತೆ ನೆಲದ ಮೇಲೆ ಚಕ್ಕಳಮಕ್ಕಳ ಕೂತು ಪೆನ್ನು ತೆಗೆದಳು. ಇಬ್ಬರ ನಡುವೆ ನಯನಾ ಹೊಸ್ತಿಲ ಮೇಲೆ ಕೂತಳು.

‘ದಿನದ ಯಾವ ಹೊತ್ತಿನಲ್ಲಿ ಬರೆಯುತ್ತಾರೆ ಕೇಳು’ ಎಂದಳು ಮಾರ್ತೆ.

‘ಯಾವೊತ್ನಲ್ಲಿ ಬರಿತೀಯಾ ಅಂತಪ್ಪ.’

‘ಬೆಳಿಗ್ಗೆ ಎಂಟರೊಳಗೆ. ಮಳೆ ಹುಯ್ಲಿ, ಚಳಿ ಕೊರೀಲಿ, ಅದು ಮಾತ್ರ ತಪ್ಸಂಗಿಲ್ಲ.’

ಅದನ್ನು ಇದ್ದ ಹಾಗೆಯೇ ಹೇಳಬಹುದಾಗಿತ್ತು, ಹೇಳಿದಳು. ಯಾರ ಬಗ್ಗೆ ಬರೆಯುತ್ತಾರೆ? ‘ಜನದ್ದೇ ಕಣವ್ವ, ಇನ್ಯಾರ್ದು? ಯಾರು ಬಂದ್ರು, ಯಾರು ಬರ್ಲಿಲ್ಲ, ಅಷ್ಟೇ.’ ಜನರ ಬಗ್ಗೆ, ಬಂದವರ ಬಗ್ಗೆ, ಬಾರದೆ ಉಳಿದವರ ಬಗ್ಗೆ. ಮಾರ್ತೆ ತಲೆ ತಗ್ಗಿಸಿ ಬರೆದುಕೊಂಡಳು. ಎಷ್ಟು ಪುಸ್ತಕ? ‘ವರ್ಸಕ್ಕೊಂದು. ಇಪ್ಪತ್ತಾರಾಯ್ತು.’ ಇಪ್ಪತ್ತಾರು ಪುಸ್ತಕಗಳು. ಅವೆಲ್ಲ ಎಲ್ಲಿವೆ? ‘ಸಾವ್ಕಾರ್ರ ಬಂಗ್ಲೆ ಅಟ್ಟದ ಮ್ಯಾಲೆ. ಗೆದ್ಲು ಎಷ್ಟು ತಿಂದೈತೋ ಏನೋ.’ ಯಾರು ಓದುತ್ತಾರೆ? ಅಪ್ಪ ನಕ್ಕ. ‘ಅದ್ನ ಯಾರು ಓದ್ತಾರೆ ಮಾರಾಯ್ತಿ.’ ಯಾರೂ ಓದುವುದಿಲ್ಲವಂತೆ, ಅಟ್ಟದ ಮೇಲಿವೆಯಂತೆ, ಗೆದ್ದಲು ತಿನ್ನುತ್ತಿರಬಹುದಂತೆ. ಮಾರ್ತೆಯ ಕಣ್ಣಲ್ಲಿ ನೀರು ಬಂದಂತಾಯಿತು. ಇಷ್ಟು ಹೊತ್ತೂ ತಾನು ಒಂದು ಅಕ್ಷರ ಸುಳ್ಳು ಹೇಳಿಲ್ಲ ಎಂದು ನಯನಾಳಿಗೆ ಹೊಳೆದು, ನಗು ಬಂದ ಹಾಗಾಗಿ, ಹಿಂದೆಯೇ ತನ್ನ ಮೇಲೆ ಹೇಸಿಗೆಯಾಯಿತು. ಅಪ್ಪನ ಮಾತನ್ನು ಅಪ್ಪನ ಕಣ್ಣೆದುರಿಗೇ, ಅವನಿಗೆ ಗೊತ್ತಾಗದ ಹಾಗೆ, ಬೇರೆ ಯಾರದೋ ಬಾಯಿಗೆ ಹಾಕುತ್ತಿದ್ದಳು. ಅವನೋ, ಮಗಳ ಬಾಯಲ್ಲಿ ಇಂಗ್ಲಿಷು ಸರಾಗವಾಗಿ ಬರುವುದನ್ನು ಸಂತೋಷದಿಂದ ನೋಡುತ್ತಿದ್ದ.

‘ಕೊನೆಯ ಪ್ರಶ್ನೆ’ ಎಂದಳು ಮಾರ್ತೆ. ‘ಇದುವರೆಗೆ ಬರೆದದ್ದರಲ್ಲಿ ಅವರಿಗೆ ತುಂಬ ಕಷ್ಟವಾದದ್ದು ಯಾವುದು?’

ನಯನಾ ಯೋಚಿಸದೆ ಕೇಳಿದಳು. ‘ಬರ್ದಿದ್ರಲ್ಲಿ ನಿಂಗೆ ಬಲು ಕಷ್ಟ ಆಗಿದ್ದು ಯಾವ್ದಪ್ಪ ಅಂತ.’

ಅಪ್ಪ ನಗಲಿಲ್ಲ. ಮೊದಲು ಮಾರ್ತೆಯನ್ನೂ ಆಮೇಲೆ ಮಗಳನ್ನೂ ನೋಡಿದ. ಕಟ್ಟಿದ್ದ ಕೈ ಬಿಚ್ಚಿ ಮೊಣಕಾಲ ಮೇಲಿಟ್ಟುಕೊಂಡ. ‘ಇದ್ನ ನಂಗೆ ಯಾರೂ ಕೇಳಿರ್ಲಿಲ್ಲ ನೋಡು’ ಎಂದ. ಒಳಗೆ ಅವ್ವ ಮೆಣಸಿನಕಾಯಿ ಅರೆಯುತ್ತಿದ್ದಳು.

‘ಒಂದೇ ಅಕ್ಷರ ಕಣವ್ವ. ಬೋರಯ್ಯ ಸತ್ನಲ್ಲ, ಅವತ್ತು. ಹೊಸ್ತೊಡ್ಕು, ಒಂದು ಆಳೂ ಇರ್ಲಿಲ್ಲ. ಪುಸ್ತಕ್ದಲ್ಲಿ ಎಲ್ರಿಗೂ ಎ, ಎ, ಎ ಅಂತ ಬರ್ದಿದ್ದೆ. ಮೋಡ ಕಟ್ಕಂಡು ಬಂತು. ಮೇಲ್ಗಡೆ ಬ್ಲಾಕಲ್ಲಿ ಮೆಣಸು ಹಣ್ಣಾಗಿ ಉದುರ್ತಾ ಐತೆ, ಮಳೆ ಹೊಡುದ್ರೆ ಹೋಯ್ತಲ್ಲ ಅಂತ ಲೈನಿಗೋದೆ. ಚೆಲುವಮ್ಮ ಮಗಳ್ನ ಕರ್ಕಂಡು ಆಲೂರಿಗೆ ತವರು ಮನೆಗೋಗಿದ್ಲು. ಬೋರಯ್ಯ ಒಬ್ನೇ ಕುಂತಿದ್ದ. ಬಾರೋ ಮಾರಾಯ, ಒಂದೊತ್ತು ನಾಕು ಮರ ಕುಯ್ಕೊಟ್ಬುಡು, ಮಧ್ಯಾನ ನಮ್ಮನೇಲೇ ಉಣ್ಣೀವಂತೆ ಅಂದೆ. ನಾನೇ ಕರ್ದಿದ್ದು. ಬಂದ. ಅವ್ನೊಬ್ನಿಗೆ ಪಿ ಬರ್ದೆ.’

ಅರೆಯುವ ಸದ್ದು ನಿಂತಿತ್ತು.

‘ಊಟಕ್ಕೆ ಕರ್ಯನ ಅಂತ ಹೋದೆ. ಮರದ ಬುಡ್ದಲ್ಲಿ ಬಿದ್ದಿದ್ದ. ಸಾವ್ಕಾರ್ರು ಬಂದು ನೋಡಿ, ಲಕ್ಕಯ್ಯ, ಇವ್ನು ಇವತ್ತು ಕೆಲ್ಸಕ್ಕೆ ಬಂದಿರ್ಲಿಲ್ಲ ಅಲ್ವೇನೋ ಅಂದ್ರು. ಅಷ್ಟೇ ಅಂದಿದ್ದು. ಕೆಲ್ಸದಲ್ಲಿದ್ದಾಗ ಸತ್ರೆ ಎಸ್ಟೇಟ್ನೋರು ಪರಿಹಾರ ಕೊಡ್ಬೇಕಲ್ಲ. ನಾನು ಸ್ಟೋರಿನ ಬಾಗ್ಲು ಹಾಕ್ಕಂಡು, ಬ್ಲೇಡಲ್ಲಿ ಪಿ ಕೆರ್ದು, ಅದ್ರ ಮ್ಯಾಲೆ ಎ ಬರ್ದೆ. ಆಬ್ಸೆಂಟು. ಹಾಳೆ ಹರ್ದೋಗಂಗಾಗಿತ್ತು. ಕೆಲ್ಸಕ್ಕೆ ಬರ್ದೋನು ಮರದ ಮ್ಯಾಲೆ ಏನ್ ಮಾಡ್ತಿದ್ದ ಅಂತ ಜನ ಕೇಳ್ಕಂಡ್ರು. ಉತ್ರಾನೂ ಅವ್ರೇ ಹೇಳ್ಕಂಡ್ರು. ನಾನು ಸುಮ್ಕಿದ್ದೆ. ಇಪ್ಪತ್ತಾರು ಪುಸ್ತಕ್ದಲ್ಲಿ ಅದೊಂದೇ ನಾನು ಸುಳ್ಳು ಬರ್ದಿದ್ದು.’

ಹತ್ತು ವರ್ಷದವಳಿದ್ದಾಗಿನ ಆ ಮಧ್ಯಾಹ್ನ ನಯನಾಳಿಗೆ ಪೂರ್ತಿ ಕಣ್ಣಿಗೆ ಕಟ್ಟಿತು. ಅವ್ವ ಬಡಿಸಿಟ್ಟ ಎರಡು ಎಲೆ. ಒಂದು ಅಪ್ಪನದು, ಇನ್ನೊಂದು ಯಾರದು ಎಂದು ಅವಳು ಕೇಳಿದ್ದಳು, ಅವ್ವ ಹೇಳಿರಲಿಲ್ಲ. ಎರಡರ ಮೇಲೂ ನೊಣ ಕೂತದ್ದು, ಸಂಜೆ ಎರಡನ್ನೂ ನಾಯಿಗೆ ಹಾಕಿದ್ದು. ಅವ್ವನಿಗೆ ಗೊತ್ತಿತ್ತು. ಹನ್ನೊಂದು ವರ್ಷ ಈ ಎರಡು ಕೋಣೆಯಲ್ಲಿ ಇಬ್ಬರು ಇದನ್ನು ಇಟ್ಟುಕೊಂಡು ಉಂಡು ಮಲಗಿದ್ದರು. ತಾನು ಜೀಪಿನಲ್ಲಿ ಆಶಾಳಿಗೆ ಅಂದ ಮಾತು ಅಪ್ಪ ಸ್ಟೋರಿನಲ್ಲಿ ಬ್ಲೇಡು ಹಿಡಿದು ಬರೆದಿಟ್ಟದ್ದೇ. ಕಿಟಕಿಯ ಪಕ್ಕದ ಜಾಗ. ಅವಳಿಗೆ ಅಪ್ಪನ ಮೇಲೆ ಸಿಟ್ಟು ಬಂತು. ಆ ಬಿಳಿ ಅಂಗಿಯನ್ನು, ಮೊಣಕಾಲ ಮೇಲಿಟ್ಟ ಕೈಯನ್ನು ನೋಡಿ ಅಯ್ಯೋ ಅನ್ನಿಸಿತು. ಎರಡೂ ಒಟ್ಟಿಗೇ ಬಂದವು.

‘ಏನೆಂದರು? ತುಂಬ ಹೊತ್ತು ಮಾತಾಡಿದರಲ್ಲ’ ಎಂದು ಮಾರ್ತೆ ಮೆಲ್ಲಗೆ ಕೇಳಿದಳು.

ನಯನಾ ಬಾಯಿ ತೆರೆದಾಗ ಬಂದದ್ದು ಎರಡೂವರೆ ತಿಂಗಳಿಂದ ರೂಢಿಯಾಗಿದ್ದ ದನಿಯೇ. ‘ಅಪ್ಪನ ಒಬ್ಬ ಗೆಳೆಯ ಮರದಿಂದ ಬಿದ್ದು ತೀರಿಕೊಂಡಿದ್ದರು, ಬೋರಯ್ಯ ಅಂತ. ಅವರ ಸಾವಿನ ಬಗ್ಗೆ ಬರೆಯುವುದು ತುಂಬ ಕಷ್ಟವಾಯಿತಂತೆ.’ ಮಾರ್ತೆ ಪೆನ್ನು ಓಡಿಸಿದಳು. ಮುಗಿಯಿತು ಎಂದುಕೊಂಡಳು ನಯನಾ. ಇಷ್ಟು ಸುಲಭ.

‘ಆ ಮಾತು ಹೇಳ್ಲಿಲ್ಲ ನೀನು’ ಎಂದ ಅಪ್ಪ.

‘ಯಾವ್ದಪ್ಪ?’

‘ಆಬ್ಸೆಂಟು. ಅದು ಇಂಗ್ಲಿಷಿಂದೇ ಅಲ್ವೇನವ್ವ? ನಂಗೆ ಗೊತ್ತಿರದು ಅಂಥವು ನಾಕೇ ಮಾತು. ಯಾವಾಗ ಬತ್ತದೆ ಅಂತ ಕಾಯ್ತಿದ್ದೆ. ಬೋರಯ್ಯ ಅಂದಿದ್ದು ಕೇಳುಸ್ತು. ಆಬ್ಸೆಂಟು ಬರ್ಲೇ ಇಲ್ಲ.’

ಅವನ ದನಿಯಲ್ಲಿ ಕೋಪವಿರಲಿಲ್ಲ. ಬೆಳಿಗ್ಗೆ ಕಣದಲ್ಲಿ ಒಂದು ಹೆಸರು ಕೂಗಿ ಉತ್ತರ ಬಾರದಿದ್ದರೆ ತಲೆ ಎತ್ತಿ ನೋಡುತ್ತಾನಲ್ಲ, ಹಾಗೆ ನೋಡುತ್ತಿದ್ದ. ಆ ನೋಟದ ಎದುರು ನಯನಾಳಿಗೆ ಇನ್ನು ಮುಚ್ಚಿಡಲಾಗಲಿಲ್ಲ. ಮಾರ್ತೆಯ ಕಡೆ ತಿರುಗಿ, ಅವಳ ಕಣ್ಣು ನೋಡದೆ ಅವಳ ನೋಟ್‌ಬುಕ್ಕನ್ನು ನೋಡುತ್ತ, ಎಲ್ಲ ಹೇಳಿದಳು. ನಮ್ಮ ಕಡೆ ರೈಟರ್ ಅಂದರೆ ಸಾಹಿತಿಯಲ್ಲ. ಹಾಜರಿ ಬರೆಯುವ ಗುಮಾಸ್ತ. ಇಪ್ಪತ್ತಾರು ಪುಸ್ತಕ ಅಂದರೆ ಹಾಜರಿ ಪುಸ್ತಕ. ನಿನಗೆ ಮೊದಲ ದಿನವೇ ಹೇಳಬೇಕಿತ್ತು, ನೀನು ಹಾಗೆ ನೋಡಿದ್ದು ನನಗೆ ಹಿತವಾಗಿತ್ತು, ಹೇಳಲಿಲ್ಲ. ಆಮೇಲೆ ಹೊಸತೊಡಕಿನ ದಿನ, ಒಬ್ಬನೇ ಬಂದವನು, ಬ್ಲೇಡು. ‘ಆಬ್ಸೆಂಟ್’ ಎನ್ನುವಾಗ ಅಪ್ಪ ತಲೆಯಾಡಿಸಿದ. ಮೆಣಸಿನ ಗೊನೆ ಕೊಟ್ಟಳಲ್ಲ, ಅವಳೇ ಅವನ ಹೆಂಡತಿ, ಎಂದಾಗ ಮಾರ್ತೆಯ ಪೆನ್ನು ನಿಂತು ಬಹಳ ಹೊತ್ತಾಗಿತ್ತು.

ಈಗ ಏಳುತ್ತಾಳೆ, ಬ್ಯಾಗು ಹಿಡಿಯುತ್ತಾಳೆ, ಅಥವಾ ಇದೆಲ್ಲ ಪರವಾಗಿಲ್ಲ ಎಂದು ಕೈ ಹಿಡಿದುಕೊಂಡು ಇನ್ನೂ ಅವಮಾನ ಮಾಡುತ್ತಾಳೆ ಎಂದು ನಯನಾ ಕಾದಳು. ಮಾರ್ತೆಯ ಮುಖ ಕೆಂಪಾಗಿತ್ತು. ‘ನನಗೆ ನಿನ್ನ ಮೇಲೆ ಕೋಪ ಬಂದಿದೆ’ ಎಂದಳು ನೇರವಾಗಿ. ‘ಅದು ಆಮೇಲೆ.’ ನೋಟ್‌ಬುಕ್ಕು ಮುಚ್ಚಿ ಪಕ್ಕಕ್ಕಿಟ್ಟಳು. ‘ಆ ಹೆಂಗಸಿಗೆ ಇದು ಗೊತ್ತಾ?’

ಎಷ್ಟು ಸಣ್ಣ ಪ್ರಶ್ನೆ. ನಯನಾ ಅದಕ್ಕೆ ಏನನ್ನೂ ಸೇರಿಸಲಿಲ್ಲ, ಏನನ್ನೂ ಬಿಡಲಿಲ್ಲ.

‘ಚೆಲುವಮ್ಮಂಗೆ ಇದು ಗೊತ್ತಾ ಅಂತ ಕೇಳ್ತಾಳೆ ಅಪ್ಪ.’

ಅಪ್ಪ ಬಾಗಿಲಲ್ಲಿ ಬಂದು ನಿಂತಿದ್ದ ಅವ್ವನ ಕಡೆ ನೋಡಿದ. ಅವಳ ಕೈಯೆಲ್ಲ ಖಾರ ಮೆತ್ತಿಕೊಂಡಿತ್ತು. ‘ಹೋಗ್ಬನ್ನಿ’ ಎಂದಳು ಅವ್ವ. ‘ಬೆಳಕಿದ್ದಂಗೇ ಹೋಗ್ಬನ್ನಿ.’ ಅವನು ಎದ್ದು ಚಪ್ಪಲಿ ಮೆಟ್ಟಿದ. ಅಂಗಳಕ್ಕಿಳಿದು ನಾಲ್ಕು ಹೆಜ್ಜೆ ಹೋಗಿ ನಿಂತ.

‘ನೀನೂ ಬಾರವ್ವ ಜೊತೇಲಿ. ನಂಗೆ ಬಾಯಿ ಬರ್ದಿದ್ರೆ ನೀನೇ ಹೇಳ್ಬುಡು.’

‘ಅವ್ಳಿಗೆ ಕನ್ನಡ ಬತ್ತದಲ್ಲಪ್ಪ.’

‘ಬತ್ತದೆ. ನಂಗೆ ಬರಲ್ಲ’ ಎಂದ ಅಪ್ಪ.

ಮಾರ್ತೆ ಜಗಲಿಯಲ್ಲೇ ಉಳಿದಳು. ಕಣ ದಾಟಿ, ಒಣಹಾಕಿದ ಮೆಣಸಿನ ಪಕ್ಕದಲ್ಲಿ ಹಾದು, ಲೈನಿನ ಇಳಿಜಾರಿಗೆ ಅಪ್ಪ ಮುಂದೆ, ನಯನಾ ಹಿಂದೆ ಇಳಿದರು. ಅವನ ಬಿಳಿ ಅಂಗಿಯ ಬೆನ್ನು ಬೆವರಿಗೆ ಅಂಟಿತ್ತು. ಏನು ಹೇಳಬೇಕೆಂದು ನಯನಾ ಮನಸ್ಸಿನಲ್ಲೇ ಜೋಡಿಸಿ ನೋಡಿದಳು. ಜೋಡಿಸಿದ್ದೆಲ್ಲ ಚೆನ್ನಾಗಿಯೇ ಇತ್ತು, ಅದಕ್ಕೇ ಒಂದೂ ಬೇಡವೆನಿಸಿತು. ತನ್ನ ಪಾಲಿನದು ಒಂದಿದೆ, ಜೀಪಿನಲ್ಲಿ ಅಂದದ್ದು. ಅದನ್ನು ಆಲೂರಿಗೆ ಹೋಗಿ ಆಶಾಳಿಗೆ ಹೇಳಬೇಕು, ಅದನ್ನು ತನಗಾಗಿ ಯಾರೂ ಹೇಳುವುದಿಲ್ಲ. ಲೈನಿನವರು ರೈಟರನ್ನು ಈ ಹೊತ್ತಿನಲ್ಲಿ, ಬಿಳಿ ಅಂಗಿಯಲ್ಲಿ ಕಂಡು ಎದ್ದು ನಿಂತರು.

ಚೆಲುವಮ್ಮ ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ಇಬ್ಬರನ್ನೂ ನೋಡಿ ಎದ್ದವಳೇ, ಮಡಿಲಲ್ಲಿದ್ದ ಸೊಪ್ಪೆಲ್ಲ ನೆಲಕ್ಕೆ ಬೀಳುತ್ತಿದ್ದರೂ ಸೆರಗಿಗೆ ಕೈ ಹಾಕಿದಳು.

‘ಯಾಕ್ರೈಟ್ರೆ, ಸಂಜೆ ಮಡ್ಲು ಒದ್ರಿ ತೋರುಸ್ಲಿಲ್ವಾ ನಿಮ್ಗೆ? ಆ ಒಂದು ಗೊನೆ ಈ ಮಗೀಗೆ ಹೇಳೇ ಕೊಟ್ಟಿದ್ದು ಕಣ್ರೀ, ಬೇಕಾದ್ರೆ ಕೇಳಿ…’

ನಯನಾ ಮುಂದೆ ಬಂದು ಬಾಯಿ ತೆರೆದಳು. ಅಪ್ಪ ಕೈ ಅಡ್ಡ ಹಿಡಿದು ಅವಳನ್ನು ತಡೆದ. ಬೆಳಿಗ್ಗೆ ಕಣದಲ್ಲಿ ಕೂಗುವ ದನಿಯಲ್ಲಿ, ಲೈನಿನ ಹನ್ನೆರಡು ಬಾಗಿಲಿಗೂ ಕೇಳುವ ಹಾಗೆ, ಅಂದ:

‘ಅವತ್ತು ಬೋರಯ್ಯ ಕೆಲ್ಸಕ್ಕೆ ಬಂದಿದ್ದ ಕಣಮ್ಮ.’